ಯಂತ್ರದ ಬಳೆ

ಆ ಯಂತ್ರಕ್ಕೆ ಕಾವಲು ಇತ್ತು, ಹನುಮಕ್ಕ. ಇರಲಿಲ್ಲ ಎಂದು ಹಿರಿಯರ ಮುಂದೆ ಹೇಳಿದವನು ನಾನು. ಅದನ್ನು ಬಿಚ್ಚಿದವನೂ ನಾನೇ.

ಇಷ್ಟು ಬರೆದ ಮೇಲೆ ಮುಂದಿನದು ಸುಲಭವಾಗುತ್ತದೆ ಅಂದುಕೊಂಡಿದ್ದೆ — ಆಗುತ್ತಿಲ್ಲ. ನಿನಗೆ ಬರುವ ಓದು ತೆಲುಗಿನದು, ಕನ್ನಡ ನಿನಗೆ ಬಾಯಿಮಾತು. ಹಾಗಾಗಿ ಇದನ್ನು ನಿನ್ನೆದುರು ಕೂತು ನಾನೇ ಓದಬೇಕು. ಬರೆದುಕೊಳ್ಳದೆ ಬಂದರೆ ನಡುವೆ ಎಲ್ಲಾದರೂ ಮಾತು ನುಂಗಿಬಿಡುತ್ತೇನೆ. ನುಂಗುವುದರಲ್ಲಿ ನಾನು ಪಳಗಿದವನು.

ಮೊದಲು ಆ ಯಂತ್ರ ಬಂದ ಊರಿನ ಸಂಗತಿ ಹೇಳಬೇಕು. ನಿನ್ನ ಬೆರಳಿನ ಕಥೆ ಶುರುವಾದದ್ದು ರಾಯದುರ್ಗದಲ್ಲಲ್ಲ, ಅಲ್ಲಿ.

ನಮ್ಮೂರು ರಾಯದುರ್ಗಕ್ಕೆ ಜೀನ್ಸ್ ಹೊಲಿಗೆ ಬಂದು ಓಣಿಗೊಂದು ಘಟಕ ಎದ್ದ ಕಾಲ ಅದು. ತಿರುಪ್ಪೂರಿನಲ್ಲಿ ಯಂತ್ರದ ರಿಪೇರಿ ಕಲಿತು ನಾನು ಊರಿಗೆ ಮರಳಿದ್ದೆ. ನಮ್ಮ ಸಾಹುಕಾರರಿಗೆ ಯಾರೋ ಹೇಳಿದರಂತೆ, ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಬಟ್ಟೆ ಕಾರ್ಖಾನೆ ಮುಚ್ಚಿದೆ, ಯಂತ್ರಗಳನ್ನು ಹಳೇ ಕಬ್ಬಿಣದ ಬೆಲೆಗೆ ಕೊಡುತ್ತಾರೆ ಎಂದು. ಬಿಚ್ಚಿ ಕಟ್ಟುವುದಕ್ಕೆ ನನ್ನನ್ನು ಕರೆದುಕೊಂಡು ಹೋದರು. ಮಾತುಕತೆ ಮುಗಿಸಿ ಅವರು ವಾಪಸಾದರು. ಎಲ್ಲ ಪೆಟ್ಟಿಗೆಗೆ ತುಂಬುವವರೆಗೆ ನಾನೊಬ್ಬನೇ ಅಲ್ಲಿ ಉಳಿದೆ.

ಆ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ದಕ್ಕಲಿಲ್ಲ. ಆದರೆ ಊರು ಮಾತ್ರ ಗುರುತಿನದೇ ಅನ್ನಿಸಿತು. ರಾಯದುರ್ಗದ ಹಾಗೆ ಅದಕ್ಕೂ ನೆತ್ತಿಯ ಮೇಲೊಂದು ಗುಡ್ಡ, ಗುಡ್ಡದ ಮೇಲೆ ಬಿದ್ದುಹೋದ ಕೋಟೆ. ಕೆಳಗೆ ಸಣ್ಣ ಹೊಳೆ, ಅದರ ದಡಕ್ಕೆ ಕಾರ್ಖಾನೆ. ನೀಲಿ ಬಣ್ಣ ಹಾಕಿದ ದಿನ ಹೊಳೆಯೂ ನೀಲಿಯಾಗಿ ಹರಿಯುತ್ತಿತ್ತಂತೆ. ಭಾನುವಾರ ಒಂದು ಅಂಗಡಿಯೂ ತೆರೆಯದು, ಬೀದಿಯಲ್ಲಿ ನಾಯಿಯೂ ಬೊಗಳದು. ಸ್ಮಶಾನವನ್ನು ಮನೆಯ ಅಂಗಳದಂತೆ ಇಟ್ಟುಕೊಂಡಿದ್ದರು, ಮುದುಕಿಯರು ಅಲ್ಲಿ ಹೂಗಿಡಕ್ಕೆ ನೀರು ಹಾಕಿ ಮಾತಾಡುತ್ತ ಕೂರುತ್ತಿದ್ದರು. ಪ್ರಾಯದವರು ಕಣ್ಣಿಗೆ ಬೀಳುತ್ತಿದ್ದುದೇ ಕಡಿಮೆ. ಕಾರ್ಖಾನೆ ಮುಚ್ಚಿದ ಮೇಲೆ ಅವರೆಲ್ಲ ದೊಡ್ಡ ಊರುಗಳ ದಾರಿ ಹಿಡಿದಿದ್ದರು. ನಮ್ಮವರು ಹೊಲಿಗೆ ಹುಡುಕಿಕೊಂಡು ಹೋದ ಹಾಗೆ.

ಕಾರ್ಖಾನೆಯ ಬೀಗದ ಕೈ ಹೆಲ್ಗಾ ಎಂಬ ಮುದುಕಿಯ ಬಳಿ ಇತ್ತು. ಹುಡುಗಿಯಾಗಿದ್ದಾಗ ಅಲ್ಲಿ ಕೆಲಸಕ್ಕೆ ಸೇರಿದವಳು. ಅವಳ ಮಾತನ್ನು ನನಗೆ ತಮಿಳಿನಲ್ಲಿ ಹೇಳುತ್ತಿದ್ದವನು ಲಾರಿ ನಡೆಸುತ್ತಿದ್ದ ಯೋಗನ್ — ಸಿಲೋನಿನ ಯುದ್ಧಕ್ಕೆ ಹೆದರಿ ಅಲ್ಲಿಗೆ ಹೋಗಿ ನೆಲೆಸಿದವನು. ಜೀನ್ಸಿಗೆ ಗುಂಡಿ ಒತ್ತುವ ಯಂತ್ರದ ಹತ್ತಿರ ನಾನು ಬೋಲ್ಟು ಬಿಚ್ಚುವ ಪಾನ ಹಿಡಿದು ಹೋದಾಗ ಹೆಲ್ಗಾ ಅಡ್ಡ ಬಂದು ನಿಂತಳು. ಬಲಗೈ ಎತ್ತಿ ತೋರಿಸಿದಳು. ತೋರುಬೆರಳು ಅರ್ಧಕ್ಕೇ ಮುಗಿದಿತ್ತು.

ಆ ಊರಿನಲ್ಲಿ ಮನೆಗೊಬ್ಬಳಿಗೆ ಹೀಗೆ ಇತ್ತಂತೆ. ಚರ್ಚಿನಲ್ಲಿ ಕೈ ಜೋಡಿಸಿದರೆ ಗುಂಡಿ ಕೋಣೆಯವರು ಯಾರೆಂದು ಗೊತ್ತಾಗುತ್ತಿತ್ತಂತೆ. ಅದಕ್ಕೂ ಹಿಂದೆ, ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಪೂರ್ವದ ದೇಶಗಳಿಂದ ಹೆಂಗಸರನ್ನು ರೈಲಿನಲ್ಲಿ ಹಿಡಿದು ತಂದು ಅಟ್ಟದ ಮೇಲೆ ಮಲಗಿಸಿ ಅದೇ ಕೋಣೆಯಲ್ಲಿ ದುಡಿಸಿದರು. ಊರ ನಡುವಿನ ಕಲ್ಲಿನ ಮೇಲೆ ಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರುಗಳಿವೆ. ಆ ಹೆಂಗಸರದು ಒಂದೂ ಇಲ್ಲ. ಹೆಲ್ಗಾ ಆಗ ಚಿಕ್ಕವಳು, ಅವಳ ತಾಯಿ ಅವರ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದಳು. ‘ಅವರ ಬೆರಳುಗಳನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ’ ಅಂದಳು.

ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ ಒಂದು ಚಳಿಗಾಲ ಹೆಲ್ಗಾಳ ಪಕ್ಕದ ಹುಡುಗಿಯ ಕೈ ಹೋಯಿತು. ಮರುದಿನ ಹೆಂಗಸರೆಲ್ಲ ಎಂದಿನಂತೆ ಬಂದು ತಮ್ಮ ತಮ್ಮ ಯಂತ್ರದ ಮುಂದೆ ಕೂತರು. ಕೈ ಮಡಿಲಲ್ಲಿಟ್ಟುಕೊಂಡರು. ಒಬ್ಬಳೂ ಪೆಡಲು ತುಳಿಯಲಿಲ್ಲ. ಊರು ಇಬ್ಭಾಗವಾಯಿತು. ಪಾದ್ರಿ ಅವರಿಗೇ ಬುದ್ಧಿ ಹೇಳಿದ. ಮೇಲ್ವಿಚಾರಕನಾಗಿದ್ದ ಹೆಲ್ಗಾಳ ಗಂಡ ಮನೆಯಲ್ಲಿ ಅವಳ ಜೊತೆ ಮಾತು ಬಿಟ್ಟ. ಬ್ರೆಡ್ಡು ಸುಡುವವನ ಹೆಂಡತಿ ಮಾತ್ರ ದಿನಾ ಬಾಗಿಲಿಗೆ ಬಿಸಿ ಬ್ರೆಡ್ಡು ತಂದಿಟ್ಟು ಹೋಗುತ್ತಿದ್ದಳಂತೆ. ಹಿಮ ಕರಗುವ ಹೊತ್ತಿಗೆ ಮಾಲೀಕರು ಸೋತರು. ಊರಿನ ಬೀಗ ಮಾಡುವವನನ್ನು ಕರೆಸಿ ಮೊದಲ ಕಾವಲು ಮಾಡಿಸಿದರು — ಒಂದು ಉಕ್ಕಿನ ಬಳೆ. ಪೆಡಲು ತುಳಿದರೆ ಮೊದಲು ಆ ಬಳೆ ಇಳಿದು ಬಟ್ಟೆಯನ್ನು ಮುಟ್ಟಬೇಕು, ಆಮೇಲೆ ಗುಂಡಿ ಒತ್ತುವ ಸುತ್ತಿಗೆ ಬೀಳಬೇಕು. ನಡುವೆ ಬೆರಳು ಸಿಕ್ಕಿದರೆ ಬಳೆ ಅಲ್ಲೇ ತಡೆಯುತ್ತದೆ, ಸುತ್ತಿಗೆ ಬೀಳುವುದಿಲ್ಲ.

ಹೆಲ್ಗಾ ತನ್ನ ಉಳಿದ ಬೆರಳುಗಳನ್ನು ಅದರ ಕೆಳಗಿಟ್ಟು ತುಳಿ ಎಂದು ಸನ್ನೆ ಮಾಡಿದಳು. ನನಗೆ ಕಾಲೇ ಬರಲಿಲ್ಲ. ಗದರಿದಳು, ತುಳಿದೆ. ಬಳೆ ಬಂದು ಅವಳ ಬೆರಳ ಮೇಲೆ ಮೆಲ್ಲಗೆ ಕೂತಿತು, ಸುತ್ತಿಗೆ ಮೇಲೆಯೇ ನಿಂತಿತು. ಇದನ್ನು ನಿಮ್ಮೂರಿನ ಹೆಣ್ಣುಮಕ್ಕಳಿಗೆ ಹೇಳು ಅಂದಳು. ಹೇಳುತ್ತೇನೆ ಅಂದೆ. ಆಣೆ ಇಡು ಅಂತ ಅವಳು ಕೇಳಲಿಲ್ಲ — ನಾನೇ ಎದೆ ಮುಟ್ಟಿಕೊಂಡೆ.

ಆಮೇಲಿನದು ನಿನಗೆ ಗೊತ್ತು. ಆದರೆ ಅರ್ಧ ಮಾತ್ರ ಗೊತ್ತು.

ಯಂತ್ರ ಬಂದು ಕೂತಿತು. ನಮ್ಮ ಜೀನ್ಸಿನ ಸೊಂಟಪಟ್ಟಿ ದಪ್ಪ, ಮಡಿಕೆಯ ಮೇಲೆ ಮಡಿಕೆ. ಬಳೆ ಆ ದಪ್ಪವನ್ನೇ ಬೆರಳೆಂದು ತಿಳಿದು ಮತ್ತೆ ಮತ್ತೆ ನಿಲ್ಲುತ್ತಿತ್ತು. ಸಾಹುಕಾರರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು.

“ಏನ್ರಿ ಮೇಸ್ತ್ರಿ, ಜರ್ಮನ್ ಮಷೀನು ಅಂತ ಹೊತ್ಕಂಡು ಬಂದ್ರ ಇದು ಎತ್ತಿನಂಗ ನಿಂತ ನಿಂತ ಹೋಗ್ತೈತಲ್ಲ. ಆ ಬಳಿ ತೆಗೀರಿ. ನಮ್ಮ ಹುಡುಗ್ಯಾರು ಏನು ಕುರುಡ್ರಾ?”

ಬಳೆಯನ್ನು ದಪ್ಪ ಬಟ್ಟೆಗೆ ಹೊಂದಿಸುವ ದಾರಿ ಇತ್ತು. ಅರ್ಧ ದಿನ ಯಂತ್ರ ನಿಲ್ಲಿಸಿ, ಬಳೆಯ ಜೊತೆ ಇಳಿದು ಸುತ್ತಿಗೆಯನ್ನು ಬಿಡುವ ಕಡ್ಡಿಯನ್ನು ಅರದಿಂದ ಉಜ್ಜಬೇಕಿತ್ತು, ಅಷ್ಟೇ. ಹಾಗೆಂದು ನಾನು ಬಾಯಿ ಬಿಡಲಿಲ್ಲ. ಬಳೆ ಬಿಚ್ಚಿದೆ. ಬಳೆಯಿಲ್ಲದೆ ಯಂತ್ರ ಓಡುವುದಿಲ್ಲವಲ್ಲ — ಅದರ ಕಡ್ಡಿಯನ್ನು ತಾಮ್ರದ ತಂತಿಯಿಂದ ಕೆಳಕ್ಕೆ ಬಿಗಿದು ಕಟ್ಟಿದೆ. ಬಳೆ ಬಟ್ಟೆ ಮುಟ್ಟಿದೆ ಎಂದು ಯಂತ್ರ ಸದಾ ನಂಬುವ ಹಾಗೆ. ನನ್ನ ಕೈಚಳಕಕ್ಕೆ ಸಾಹುಕಾರರು ಶಹಬ್ಬಾಸ್ ಅಂದರು. ಖುಷಿಯಾಯಿತು ನನಗೆ. ಅದನ್ನೂ ಮುಚ್ಚಿಡುವುದಿಲ್ಲ.

ಆ ಬಳೆಯನ್ನು ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಅದೇ ವಾರ ನೀನು ಮಡಕಶಿರಾದ ಕಡೆಯಿಂದ ಕೆಲಸಕ್ಕೆ ಬಂದೆ. ಕುರಿ ಕಾಯುವವರ ಮನೆಯ ಹುಡುಗಿ, ನಡೆಯುತ್ತಲೇ ಉಣ್ಣೆ ನೂಲುತ್ತಿದ್ದ ಕೈ. ಊಟದ ಹೊತ್ತಿನಲ್ಲಿ ಚಿಂದಿ ಬಟ್ಟೆಯ ಮೇಲೆ ಹೊಲಿಗೆ ಕಲಿಯುತ್ತಿದ್ದೆ. ಮಡಕಶಿರಾದ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಮಷೀನು ಹಾಕಿಕೊಂಡು ಕೂರುತ್ತೇನೆ ಅನ್ನುತ್ತಿದ್ದೆ. ಕಲಿತೂ ಬಿಡುತ್ತಿದ್ದೆ, ನನಗೆ ಗೊತ್ತಿತ್ತು. ಮೊದಲ ದಿನವೇ ಮೊಳೆಯಲ್ಲಿದ್ದುದನ್ನು ನೋಡಿ ಇದೇನು ಎಂದು ಕೇಳಿದೆ. ಹೇಳಬೇಕಾದ ಗಳಿಗೆ ಅದು. ನಾನು ಕುಚೋದ್ಯ ಮಾಡಿದೆ.

“ಅದು ಮಷೀನಿನ ಬಳಿ ತಂಗಿ. ಜರ್ಮನಿ ಮುತ್ತೈದಿ ಇದು.”

ಎಲ್ಲರೂ ನಕ್ಕರು. ನೀನು ನಗಲಿಲ್ಲ, ನಂಬಿದೆ. ಶುಕ್ರವಾರ ಬಂದರೆ ಯಂತ್ರಕ್ಕೆ ಹಚ್ಚಿದ ಅರಿಸಿನ ಕುಂಕುಮವನ್ನು ಬಳೆಗೂ ಹಚ್ಚುತ್ತಿದ್ದೆ. ಆಯುಧಪೂಜೆಯ ದಿನ ಅದಕ್ಕೊಂದು ಮೊಳ ಸೇವಂತಿಗೆ ಬೇರೆ. ನಾನು ನೋಡುತ್ತಿದ್ದೆ. ನಿನ್ನ ಕೈಯನ್ನು ಕಾಯಬೇಕಾದದ್ದಕ್ಕೆ ನೀನು ದಿನಾ ಕೈ ಮುಗಿಯುತ್ತಿದ್ದೆ — ಅದು ಮೊಳೆಯಲ್ಲಿತ್ತು, ಯಂತ್ರದಲ್ಲಿರಲಿಲ್ಲ.

ಆ ದಿನ ಶುಕ್ರವಾರ, ನಾನು ನಿನಗೆ ಎದುರಾಗಿ ಕೂತು ಪಕ್ಕದ ಯಂತ್ರದ ಬೆಲ್ಟು ಸರಿಮಾಡುತ್ತಿದ್ದೆ. ಸುತ್ತಿಗೆಯ ಸದ್ದು ಬೇರೆ ಥರ ಬಂತು. ನೀನು ಕಿರುಚಲೂ ಇಲ್ಲ, ಕೈಯನ್ನೇ ನೋಡುತ್ತಿದ್ದೆ. ಎರಡು ಬೆರಳು. ಹುಡುಗಿಯರು ನಿನ್ನತ್ತ ಓಡಿದರು. ನಾನೂ ಓಡಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಓಡಿದ್ದು ಹೌದು — ಆದರೆ ಮೊದಲು ನನ್ನ ಕೈ ಹೋದದ್ದು ನಿನ್ನ ಕೈಗಲ್ಲ, ಮೊಳೆಗೆ. ಬಳೆಯನ್ನು ತೆಗೆದು ಹತಾರದ ಪೆಟ್ಟಿಗೆಗೆ ಹಾಕಿಕೊಂಡು, ಆಮೇಲೆ ನಿನ್ನ ಕೈಗೆ ಬಟ್ಟೆ ಸುತ್ತಿದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಟೋದೊಳಗೆ ನೀನು ಆಡಿದ್ದು ಒಂದೇ ಮಾತು.

“ಬೆಳಗ್ಗೆ ಬಳೆಗೆ ಕುಂಕುಮ ಇಡೋದು ಮರ್ತಿದ್ದೆ ಕಣಣ್ಣ. ಅದಕ್ಕೇ ಇಂಗಾಯ್ತೇನೋ.”

ಹತಾರದ ಪೆಟ್ಟಿಗೆ ನನ್ನ ಕಾಲ ಬಳಿಯೇ ಇತ್ತು.

ನ್ಯಾಯಕ್ಕೆಂದು ನಿನ್ನ ಸೋದರಮಾವ ಊರಿಂದ ಬಂದರು. ಕಂಬಳಿ ಹೊದ್ದ ಆ ಮನುಷ್ಯ ದನಿ ಎತ್ತಲಿಲ್ಲ, ದುಡ್ಡಿನ ಮಾತೂ ಎತ್ತಲಿಲ್ಲ. ಘಟಕದಲ್ಲೇ ಹಿರಿಯರೆಲ್ಲ ಕೂತಿದ್ದರು, ನೀನು ಗೋಡೆಗೆ ಒರಗಿದ್ದೆ. ಮಾವ ನನ್ನ ಕಡೆಗೇ ತಿರುಗಿ ಕೇಳಿದರು.

“ನೀವು ಆ ದೇಸಕ್ಕೇ ಹೋಗ್ಬಂದೋರಂತಲ್ಲ. ಅಲ್ಲೂ ಹೆಂಗಸ್ರ ಬೆಳ್ಳು ಇಂಗೇ ಹೋಗ್ತಾವಾ ಸ್ವಾಮಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಮೂಲೆಯಲ್ಲಿದ್ದ ಹತಾರದ ಪೆಟ್ಟಿಗೆಯ ಕಡೆ ನೋಡಿದೆ. ಹೆಲ್ಗಾಳ ಕೈ ನೆನಪಾಯಿತು, ಮಡಿಲಲ್ಲಿ ಕೈಯಿಟ್ಟು ಕೂತ ಹೆಂಗಸರು ನೆನಪಾದರು. ಇಡೀ ಊರು ನನ್ನ ನಾಲಿಗೆಯ ತುದಿಗೆ ಬಂದಿತ್ತು.

“ಹೌದ್ರಿ, ಅಲ್ಲೂ ಹಿಂಗ. ಮಷೀನು ಬಂದಿದ್ದ ಹಿಂಗ, ಕಾವಲು ಗೀವಲು ಏನಿಲ್ಲ ಅದಕ್ಕ. ಕಣ್ಣಿಟ್ಟು ಮಾಡಬೇಕ್ರಿ, ಅಷ್ಟ.”

ಅಲ್ಲಿಗೆ ಮುಗಿಯಿತು. ಹಾಗಾದರೆ ಹುಡುಗಿಯದೇ ಮೈಮರೆವು ಎಂದು ಹಿರಿಯರು ತೀರ್ಮಾನಿಸಿದರು. ಆಸ್ಪತ್ರೆಯ ಖರ್ಚನ್ನು ಸಾಹುಕಾರರು ಧರ್ಮವೆಂಬಂತೆ ಕೊಟ್ಟರು. ನೀನು ಮಾವನ ಜೊತೆ ಬಸ್ಸು ಹತ್ತಿದೆ. ಹೊಲಿಗೆ ಕಲಿತ ಚಿಂದಿಯ ಗಂಟು ನಿನ್ನ ಜಾಗದಲ್ಲೇ ಉಳಿಯಿತು, ಯಾರೋ ಅದರಿಂದ ಯಂತ್ರ ಒರೆಸಿದರು.

ಯಾಕೆ ಹಾಗೆ ಹೇಳಿದೆ ಎಂದು ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಅದರಿಂದ ನಿನಗೇನು.

ಇನ್ನೂ ಒಂದಿದೆ. ನೀನು ಹೋದ ಮೇಲೂ ನಾನು ಬಳೆಯನ್ನು ತಿರುಗಿ ಹಾಕಲಿಲ್ಲ. ಹಾಕಿದರೆ ಮೊದಲೇ ಇತ್ತೆಂದು ಗೊತ್ತಾಗುತ್ತದಲ್ಲ — ನನ್ನ ಸುಳ್ಳು ಉಳಿಯಬೇಕಾದರೆ ಯಂತ್ರ ಬರಿಗೈಯಲ್ಲೇ ಇರಬೇಕಿತ್ತು. ಬೆಳುಗುಪ್ಪದ ಕಡೆಯ ಒಬ್ಬ ಹುಡುಗಿ ನಿನ್ನ ಜಾಗದಲ್ಲಿ ವರ್ಷಗಟ್ಟಲೆ ಕೂತಳು. ಅವಳಿಗೇನೂ ಆಗಲಿಲ್ಲ. ಅದು ಅವಳ ಪುಣ್ಯ, ನನ್ನದೇನೂ ಇಲ್ಲ. ಕೊನೆಗೆ ಯಂತ್ರವೇ ಗುಜರಿಗೆ ಹೋಯಿತು. ಬಳೆ ನನ್ನ ಬಳಿ ಉಳಿಯಿತು.

ಹೀಗೇ ಸಾಯುತ್ತಿದ್ದೆನೋ ಏನೋ. ಕಳೆದ ತಿಂಗಳು ನಮ್ಮ ಓಣಿಯವರ ಜೊತೆ ಮಡಕಶಿರಾಕ್ಕೆ ಬಂದೆನಲ್ಲ, ಅವರ ಸೊಸೆಯ ಸೀಮಂತಕ್ಕೆ. ಆ ಸೊಸೆ ನಿನ್ನ ಮಗಳೆಂದು ಬಾಗಿಲಲ್ಲಿ ನಿನ್ನನ್ನು ನೋಡಿದ ಮೇಲೆಯೇ ತಿಳಿದದ್ದು. ನೀನು ಗುರುತು ಹಿಡಿದೆ. ಮೇಸ್ತ್ರಿ ಬಂದರು ಎಂದು ಚಾಪೆ ಹಾಸಿಸಿದೆ. ಬಳೆ ತೊಡಿಸುವ ಹೊತ್ತಿಗೆ ಮುತ್ತೈದೆಯರೆಲ್ಲ ಮಗಳ ಸುತ್ತ ಕೂತರು. ಮೊದಲು ಹೆತ್ತವಳು ತೊಡಿಸಲಿ ಎಂದು ಕರೆದರೆ ನೀನು ಹಿಂದೆ ಸರಿದೆ, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

“ನನ್ನ ಕೈ ಬ್ಯಾಡ ಕಣಮ್ಮ. ಅದು ಒಳ್ಳೇ ಕೈಯಲ್ಲ.”

ಮಗಳು ಅತ್ತಳು. ನೀನು ನನ್ನ ಕಡೆ ತೋರಿಸಿ ಸಮಾಧಾನ ಹೇಳಿದೆ, ಮಷೀನಿನದೇನೂ ತಪ್ಪಿರಲಿಲ್ಲ, ಈ ಅಣ್ಣನೇ ಸಾಕ್ಷಿ, ನಾನೇ ಅತ್ತ ಎಲ್ಲೋ ನೋಡುತ್ತಿದ್ದೆ ಎಂದು. ಇಷ್ಟು ವರ್ಷ ಮದುವೆಯಲ್ಲಿ, ಬಿತ್ತನೆಯಲ್ಲಿ, ತೊಟ್ಟಿಲಲ್ಲಿ ಆ ಕೈಯನ್ನು ಮುಂದೆ ಮಾಡಿಲ್ಲವಂತೆ ನೀನು. ಆಮೇಲೆ ಊಟಕ್ಕೆ ಕೂರಿಸಿ ನನ್ನ ಎಲೆಗೆ ತುಪ್ಪ ಬಡಿಸಿದೆ, ಎಡಗೈಯಲ್ಲಿ ಬಡಿಸುತ್ತಿದ್ದೇನೆ ತಪ್ಪು ತಿಳೀಬ್ಯಾಡಿ ಅಂದೆ. ಉಂಡೆ ನಾನು. ಉಂಡು ಎದ್ದು ಬಂದೆ.

ಬೆರಳು ಹೋದದ್ದು ಒಂದು. ಉಳಿದ ಕೈಯನ್ನೂ ನಿನ್ನಿಂದ ಕಿತ್ತುಕೊಂಡೆನಲ್ಲ — ಅದು ನನ್ನ ಮಾತಿನಿಂದ.

ಮಗಳ ಹೆರಿಗೆಗೆ ಮುಂಚೆ ಬರುತ್ತೇನೆ. ನಿನ್ನ ಮಾವ ಇನ್ನೂ ಗಟ್ಟಿಯಾಗಿದ್ದಾರೆ ಎಂದು ಕೇಳಿ ತಿಳಿದುಕೊಂಡಿದ್ದೇನೆ. ಅವರೂ ಇರಬೇಕು, ಮಗಳೂ ಇರಬೇಕು. ಬಳೆಯನ್ನು ನಡುವೆ ಇಟ್ಟು ಇದನ್ನು ಓದುತ್ತೇನೆ. ಅಂಗಳದಿಂದಲೇ ಅಟ್ಟಿದರೆ ಅಂಗಳದಲ್ಲೇ ನಿಂತು ಓದುತ್ತೇನೆ. ಕ್ಷಮೆ ಎಂಬ ಮಾತನ್ನು ಇದರಲ್ಲಿ ಎಲ್ಲೂ ಬರೆದಿಲ್ಲ, ಕೇಳುವುದೂ ಇಲ್ಲ. ಹುಟ್ಟುವ ಕೂಸನ್ನು ತೊಟ್ಟಿಲಿಗೆ ಹಾಕುವಾಗ ನಿನ್ನ ಕೈ ಸೆರಗಿನಿಂದ ಹೊರಗೆ ಬರಬೇಕು. ಅದಕ್ಕೆ ಬೇಕಾದ ಮಾತು ಇಷ್ಟು ವರ್ಷವೂ ನನ್ನ ಬಳಿಯೇ ಇತ್ತು, ಕೇಳು.

ಆ ದಿನ ನೀನು ಅತ್ತ ಇತ್ತ ಎಲ್ಲೂ ನೋಡುತ್ತಿರಲಿಲ್ಲ, ಹನುಮಕ್ಕ. ಬಟ್ಟೆಯನ್ನೇ ನೋಡುತ್ತಿದ್ದೆ. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡಿದ್ದೇನೆ.