ಆನೆಗೆ ಸ್ವೆಟರ್ ತೊಡಿಸಿದ ತಪ್ಪಿಗೆ

ನನ್ನ ಮೊದಲ ಮಕ್ಕಳ ಪುಸ್ತಕದಲ್ಲಿ ಆನೆಗೆ ಚಳಿಯಾಗುತ್ತದೆ. ಯಾಕೆಂದರೆ ಬರೆಯುವಾಗ ನನಗೆ ಚಳಿಯಾಗುತ್ತಿತ್ತು. ಬೆಟ್ಟದ ಮೇಲಿನ ತುಮ್ಮನಟ್ಟಿಯಲ್ಲಿ ಕ್ಯಾರೆಟ್ ಬೆಳೆಯುವವರ ಮನೆಯಲ್ಲಿ ಹುಟ್ಟಿದವಳು ನಾನು. ಊಟಿಯ ಬಾಡಿಗೆ ಕೋಣೆಯಲ್ಲಿ ಎರಡು ಕಂಬಳಿ ಹೊದ್ದು ಕೂತು ಅದನ್ನು ಬರೆದೆ. ಆನೆಯನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೆಟ್ಟಗೆ ನೋಡಿರಲಿಲ್ಲ. ಕತೆಯಲ್ಲಿ ಒಬ್ಬ ಹುಡುಗಿ ಕಾಡಿಗೆ ಹೋಗಿ ಆನೆಗೆ ತನ್ನ ಸ್ವೆಟರ್ ಕೊಡುತ್ತಾಳೆ, ಆನೆ ಸೊಂಡಿಲೆತ್ತಿ ಥ್ಯಾಂಕ್ಸ್ ಹೇಳುತ್ತದೆ. ಎಲ್ಲರೂ ಹೊಗಳಿದರು. ಹೊಗಳಿಕೆ ತಲೆಗೇರಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಹಾಗೆ, ಲೇಖಕಿ ಎಂದಮೇಲೆ ಕಾಡಂಚಿನಲ್ಲೇ ಬದುಕಬೇಕೆಂದು ಗಂಟುಮೂಟೆ ಕಟ್ಟಿಕೊಂಡು ಬೆಟ್ಟದ ಬುಡದ ಮಸಿನಗುಡಿಗೆ ಬಂದುಬಿಟ್ಟೆ. ಬಸ್ಸಿನಿಂದ ಇಳಿದ ಕೂಡಲೇ ಬೆವರು ಕಿತ್ತುಕೊಂಡು ಬಂತು.

ಬಂದ ವಾರವೇ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ಓದಿದೆ. ಕಾಡು ಕಾಯುವ ವಾಚರ್ ಒಬ್ಬನ ಏಳು ವರ್ಷದ ಮಗಳು ಬಾಯಿ ತೆರೆದುಕೊಂಡು ಕೇಳಿದಳು. ಅವಳ ಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳಕ್ಷರ ಮಾತ್ರ. ಆದರೂ ಪುಸ್ತಕ ಇಸಿದುಕೊಂಡು ಹೋಗಿ, ಚಿತ್ರ ನೋಡಿಕೊಂಡೇ ಇಡೀ ಕತೆ ಬಾಯಿಪಾಠ ಒಪ್ಪಿಸುತ್ತಿದ್ದಳಂತೆ. ಇದನ್ನು ಕೇಳಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹತ್ತು ದಿನ ಕಳೆದು ಅವಳ ಅಪ್ಪ ಬಾಗಿಲಿಗೆ ಬಂದ. ಖಾಕಿ ಅಂಗಿ, ಕೈಯಲ್ಲಿ ನನ್ನ ಪುಸ್ತಕ. ಹಸ್ತಾಕ್ಷರ ಬೇಕೇನೋ ಎಂದು ನಾನು ಪೆನ್ನು ಹುಡುಕತೊಡಗಿದೆ, ನನ್ನ ಮುಖಕ್ಕಿಷ್ಟು.

"ಮಗು ಆನಗೆ ಸ್ವೆಟರ್ ಕೊಡಕ್ ಹೋಗಿತ್ತು ಕಣಕ್ಕ," ಅಂದ. "ಹಳ್ಳದ ದಾರೀಲಿ ನಿಂತಿದ್ಲು. ಆನ ಇಪ್ಪತ್ ಮಾರು ದೂರದಲ್ಲಿತ್ತು. ಗಾಳಿ ಅದ್ರ ಕಡಿಂದ ಬೀಸ್ತಿತ್ತು, ಇವ್ಳ ವಾಸ್ನೆ ಸಿಕ್ಲಿಲ್ಲ, ಅದ್ಕೆ ಉಳ್ಕಂಡ್ಲು."

ಪೆನ್ನು ಹುಡುಕುವುದನ್ನು ಬಿಟ್ಟೆ. ಬೈದು ಬುದ್ಧಿ ಹೇಳಲಿಲ್ಲವೇ ಎಂದು ಕೇಳಿದೆ.

"ಬೈದೆ. ಮೂರ್ ದಿನಕ್ಕೆ ಮತ್ತೆ ಹೊಂಟ್ಲು. ನಾ ಹೇಳುದ್ರೆ, ಪುಸ್ತಕದಲ್ಲಿ ಹಂಗಿಲ್ಲ ಅಂತಳೆ. ಹದಿನೆಂಟ್ ವರ್ಷದಿಂದ ಆನ ಹಿಂದೆ ತಿರುಗ್ತಿವ್ನಿ, ನನ್ ಮಾತ್ಗೆ ಬೆಲೆ ಇಲ್ಲ. ನೀವೇ ಇನ್ನೊಂದ್ ಪುಸ್ತಕ ಬರ್ದು, ಹೋಗ್ಬೇಡ ಅಂತ ಅದ್ರಲ್ಲೇ ಹಾಕ್ಬುಡಿ."

ಹೀಗೆ ನನಗೊಬ್ಬ ಸಂಪಾದಕ ಗಂಟುಬಿದ್ದ. ದಿನಾ ಡ್ಯೂಟಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ನಾನು ಓದಬೇಕು, ಅವನು ಕೇಳಬೇಕು.

ಮೊದಲ ಕರಡಿನಲ್ಲಿ ಆನೆಯೇ ಹುಡುಗಿಗೆ, ಹತ್ತಿರ ಬರಬೇಡಮ್ಮ ಎನ್ನುತ್ತಿತ್ತು. "ಅದು ಹೇಳಿ ಬರೋದಾದ್ರೆ ನಮಗ್ಯಾಕಕ್ಕ ಕೆಲ್ಸ?" ಅಂದ. ಆನೆಯ ಮಾತು ಹೋಯಿತು. ಎರಡನೆಯದರಲ್ಲಿ ಹುಡುಗಿ ಮರದ ಹಿಂದೆ ನಿಂತು ನೋಡುತ್ತಿದ್ದಳು. "ಅಲ್ಯಾಕ್ ನಿಂತವ್ಳೆ? ಮನೇಗ್ ಕಳ್ಸಿ." ಕಳಿಸಿದೆ. ಮೂರನೆಯದರಲ್ಲಿ ಕಿಟಕಿಯಿಂದ ನೋಡಿದಳು. ಕಿಟಕಿ ಮುಚ್ಚಿಸಿದ. ಅಲ್ಲಿಗೆ ಆನೆಯೇ ಕಾಣದಾಯಿತು. ನನಗೆ ಸಿಟ್ಟು ಬಂದು ಕರಡಿ ತಂದೆ. ಕರಡಿ ಆನೆಗಿಂತ ಕೆಟ್ಟದ್ದಂತೆ. ಜಿಂಕೆ ತಂದೆ. ಜಿಂಕೆಯ ಹಿಂದೆ ಹುಲಿ ಇರುತ್ತದಂತೆ.

"ಒಂದು ಅಳಿಲನ್ನಾದರೂ ಬಿಡು ಮಾರಾಯ," ಎಂದು ಬೇಡಿಕೊಂಡೆ.

"ಅಳ್ಲು ನೋಡ್ತಾ ನೋಡ್ತಾ ಮಕ್ಕ ಎಲ್ಲಿಗೋಯ್ತವೆ ಅಂತ ನಿಮಗ್ ಗೊತ್ತಾ?" ಅಂದ. ಗೊತ್ತಿರಲಿಲ್ಲ. ಅಳಿಲೂ ಹೋಯಿತು.

ಉಳಿದದ್ದಿಷ್ಟು: ಹುಡುಗಿ ಬಾಗಿಲು ಹಾಕಿಕೊಂಡು ಅಪ್ಪನ ಪಕ್ಕ ಕೂತಿದ್ದಾಳೆ, ಹೊರಗೆ ಏನೋ ಕೊಂಬೆ ಮುರಿಯುತ್ತಿದೆ, ಇಬ್ಬರೂ ಕೇಳುತ್ತಿದ್ದಾರೆ. ಚಿತ್ರ ಬರೆಯುವಾಕೆ ಫೋನ್ ಮಾಡಿದಳು.

"ಏನು ಬಿಡಿಸಲಿ? ಬಾಗಿಲಾ?"

"ಹೌದು, ಬಾಗಿಲು."

"ಇಪ್ಪತ್ತನಾಲ್ಕು ಪುಟವೂ?"

"ಒಂದು ಪುಟದಲ್ಲಿ ಅಗಳಿ ಹತ್ತಿರದಿಂದ ಬರಲಿ," ಅಂದೆ. ಆಕೆ, ನೀವು ಆರೋಗ್ಯವಾಗಿದ್ದೀರಾ ಎಂದು ವಿಚಾರಿಸಿದಳು. ಪ್ರಕಾಶಕರು, ಕಾಡಿನ ಕತೆಯಲ್ಲಿ ಕಾಡೆಲ್ಲಿ ಎಂದು ಕಾಗದ ಬರೆದರು.

ನನಗೆ ಅವರ ಚಿಂತೆಯಿರಲಿಲ್ಲ. ಆ ಮಗು ಒಪ್ಪಬೇಕಿತ್ತು. ಅಷ್ಟರಲ್ಲಿ ಅವಳು ಇನ್ನೊಮ್ಮೆ ತಪ್ಪಿಸಿಕೊಂಡು ಹೋಗಿದ್ದಳು. ಒಂದು ಸಂಜೆ ಅವರ ಮನೆಗೇ ಹೋಗಿ ಹಸ್ತಪ್ರತಿ ಓದಿದೆ. ಕೊನೆಯವರೆಗೂ ಅಲ್ಲಾಡದೆ ಕೇಳಿದಳು.

"ಅವ್ಳ್ಯಾಕೆ ಆಚೆಗ್ ಹೋಗ್ಲಿಲ್ಲ?"

"ಹೋಗಬಾರದು. ಆನೆ ತುಳಿಯುತ್ತೆ."

"ಆ ಪುಸ್ತಕದಲ್ಲಿ ತುಳೀಲಿಲ್ವಲ್ಲ."

ಇಂಥ ಹೊತ್ತಿನಲ್ಲಿ ಬರೆಯುವವರಿಗೆ ಮಾತಿಗೆ ಬರವಿಲ್ಲ. ಅದು ಬೇರೆ ಆನೆ ಅನ್ನಬಹುದಿತ್ತು, ಕನಸು ಅನ್ನಬಹುದಿತ್ತು. ನನ್ನನ್ನು ಅಷ್ಟು ನಂಬಿದ ಓದುಗರು ಆಮೇಲೂ ಯಾರೂ ಸಿಕ್ಕಿಲ್ಲ. ಆ ನಂಬಿಕೆಯನ್ನು ಕೈಯಾರೆ ಕಳೆದುಕೊಳ್ಳಲು ನನಗೆ ಸಂಕಟವಾಯಿತು. ಆದರೆ ಅದು ಇರುವತನಕ ಅವಳು ಹಳ್ಳದ ದಾರಿ ಬಿಡುವವಳಲ್ಲ.

"ಅದು ಸುಳ್ಳು ಕಣಮ್ಮ," ಅಂದೆ. "ನಾನು ಆನೆ ನೋಡಿರಲಿಲ್ಲ. ನೋಡದೇ ಬರೆದೆ."

ಅವಳು ಅಪ್ಪನ ಮುಖ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಎದ್ದು ಹೋಗಿ ಅವನಿಗೆ ಒತ್ತಿಕೊಂಡು ಕೂತಳು. ಮುಂದೆ ಎಂದೂ ಆ ದಾರಿಗೆ ಹೋಗಲಿಲ್ಲ. ಆ ಸಂಜೆ ಮಾತ್ರ ಅಪ್ಪನ ಪಕ್ಕದಿಂದಲೇ ನನ್ನ ಕಡೆ ತಿರುಗಿ, ಸಿಟ್ಟೇನೂ ಇಲ್ಲದೆ ಕೇಳಿದಳು:

"ಅದ್ನ ಓದಿರೋ ಬೇರೆ ಮಕ್ಕಳ್ಗೆಲ್ಲ ಯಾರ್ ಹೇಳ್ತರೆ?"

ಆ ಪುಸ್ತಕ ಅಷ್ಟರಲ್ಲಿ ಘಟ್ಟ ಇಳಿದು, ನಾನು ಹೆಸರೂ ಕೇಳದ ಎಷ್ಟೋ ಊರಿನ ಶಾಲೆಗಳಿಗೆ ಹೋಗಿತ್ತು.