ಹೆಡ್ಸ್ ಅಪ್ ಎಂದರೆ ತಲೆ ಎತ್ತುವುದಲ್ಲ

ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ಆಫೀಸೊಂದರಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಕಾಫಿ ಮಷೀನಿನ ಹತ್ತಿರ ಮ್ಯಾನೇಜರ್ ನನ್ನನ್ನು ನಿಲ್ಲಿಸಿ, "ಜಸ್ಟ್ ಎ ಹೆಡ್ಸ್ ಅಪ್, ಟೀಮಿನಲ್ಲಿ ಒಂದಿಷ್ಟು ಬದಲಾವಣೆ ಆಗಲಿದೆ" ಎಂದಳು. ಮುಖದಲ್ಲಿ ನಗುವಿತ್ತು. ತಲೆ ಎತ್ತು ಎಂದರೆ ಒಳ್ಳೆಯ ಸುದ್ದಿಯೇ ಇರಬೇಕು, ಪ್ರಮೋಷನ್ನೋ ಏನೋ ಎಂದುಕೊಂಡು ಥ್ಯಾಂಕ್ಸ್ ಹೇಳಿ ಬಂದೆ. ಆ ತಿಂಗಳು ಮುಗಿಯುವುದರೊಳಗೆ ನನ್ನ ಕೆಲಸ ಹೋಯಿತು. "ಮೊದಲೇ ಎಚ್ಚರಿಸಿದ್ದೆನಲ್ಲ" ಎಂದು ಅವಳು ನಿಜವಾದ ಮರುಕದಿಂದಲೇ ಹೇಳಿದಳು.

ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದ್ದರಿಂದ ಟ್ರುಗನಿನಾದಲ್ಲಿ ಒಂದು ಮನೆಯನ್ನು ರೆಂಟ್‌ಗೆ ಹಿಡಿದೆವು. ಬಂದ ಮೊದಲ ವಾರವೇ, ಒಂದು ಶುಕ್ರವಾರ, ಪಕ್ಕದ ಮನೆಯ ವಯಸ್ಸಾದ ಆಸ್ಟ್ರೇಲಿಯನ್ ಕಸದ ಡಬ್ಬ ಎಳೆದುಕೊಂಡು ಒಳಗೆ ಹೋಗುತ್ತಾ ನನ್ನತ್ತ ತಿರುಗಿ, ಬಸ್ ಸ್ಟಾಪಿನ ದಾರಿಯತ್ತ ಕೈ ಮಾಡಿ, "ಹೆಡ್ಸ್ ಅಪ್, ಲವ್. ಆ ಮೂಲೆಯಲ್ಲಿ ವಾಚ್ ಯುವರ್‌ಸೆಲ್ಫ್" ಎಂದು ಬಾಗಿಲು ಹಾಕಿಕೊಂಡ. ಇಲ್ಲಿನ ಹಿರಿಯರು ಯಾರನ್ನಾದರೂ ಲವ್ ಎಂದೇ ಕರೆಯುತ್ತಾರೆ, ಅದು ನನಗೆ ಗೊತ್ತಿತ್ತು.

ಆದರೆ ಸಿಡ್ನಿಯ ರೈಲಿನಲ್ಲಿ ಇಬ್ಬರು ಗಂಡಸರು ಹೊಡೆದಾಡುವ ಮುಂಚೆ ಒಬ್ಬ ಇನ್ನೊಬ್ಬನಿಗೆ ಇದೇ "ವಾಚ್ ಯುವರ್‌ಸೆಲ್ಫ್", ಹುಷಾರಾಗಿರು, ಎಂದು ಬೆದರಿಸಿದ್ದನ್ನು ಕೇಳಿದ್ದೆ.

ಸಂಜೆ ಗಂಡ ಕೇಳಿದರು, "ಕೋಪದಲ್ಲಿ ಹೇಳಿದ್ರಾ?"

"ಇಲ್ಲ, ಸುಮ್ನೆ ಹೇಳಿದ್ರು. ಅದಕ್ಕೇ ಭಯ ಆಗ್ತಿರೋದು."

"ಹೋಗಿ ಕೇಳ್ಬಿಡು."

"ಏನಂತ ಕೇಳ್ಲಿ? ನನ್ನ ಹೆದರಿಸಿದ್ರಾ ಅಂತಾನಾ?"

ಅವರು ಟಿವಿ ಹಾಕಿಕೊಂಡು ಕೂತರು. ನನಗೆ ಮಾತ್ರ ಶನಿವಾರವಿಡೀ ಒಂದು ಕಡೆ ಕೂರಲಾಗಲಿಲ್ಲ. ನಮ್ಮ ಕಾರು ಪಕ್ಕದ ಮನೆಯ ಮುಂದಕ್ಕೆ ಚಾಚಿಕೊಂಡಿದೆಯೇನೋ ಎಂದು ಅದನ್ನು ಹಿಂದಕ್ಕೆ ತೆಗೆಸಿದೆ. ಒಗ್ಗರಣೆಯ ಘಾಟು ಹೋಗುತ್ತಿರಬಹುದೆಂದು ಅಡುಗೆಮನೆಯ ಕಿಟಕಿ ಮುಚ್ಚಿ ನಾನೇ ಕೆಮ್ಮಿದೆ. ಭಾನುವಾರ ಕಳ್ಳರಿರಬಹುದು ಎನ್ನಿಸಿ ಹಿಂಬಾಗಿಲ ಚಿಲಕವನ್ನು ಮತ್ತೆ ಮತ್ತೆ ಎಳೆದು ನೋಡಿದೆ. ನಮ್ಮಲ್ಲಿ ಹುಷಾರು ಎಂದವರು ಅಲ್ಲಿಗೇ ಬಿಡುವುದಿಲ್ಲ. ನಾಯಿ ಕಚ್ಚುತ್ತೆ, ವೈರ್ ಬಿದ್ದಿದೆ ಎಂದು ಸೇರಿಸಿ, ನೋಡ್ಕೊಂಡು ಹೋಗ್ಬಾರ್ದಾ ಎಂದು ಬೈದೇ ಕಳಿಸುತ್ತಾರೆ. ಇಲ್ಲಿಯವರ ಎಚ್ಚರಿಕೆಯಲ್ಲಿ ದನಿ ಏರುವುದೂ ಇಲ್ಲ, ವಿಷಯವೂ ಇಲ್ಲ.

ಸೋಮವಾರ ಬೆಳಿಗ್ಗೆ ಒಂದು ಇಂಟರ್ವ್ಯೂ ಇತ್ತು. ಸುತ್ತು ಹಾಕಿ ಹೋದರೆ ಬಸ್ ತಪ್ಪುತ್ತದೆಂದು ಆ ಮೂಲೆಯಲ್ಲೇ ಹೊರಟೆ. ಅಲ್ಲಿ ಪುಟ್ಟ ಪಾರ್ಕು, ದೊಡ್ಡದೊಂದು ನೀಲಗಿರಿ ಮರ. ಜನವಿಲ್ಲ. ಹಿಂದೆ ಎಲ್ಲೋ ಪಕ್ಕದ ಮನೆಯವನು ನಾಯಿ ಹಿಡಿದುಕೊಂಡು ಬರುತ್ತಿದ್ದ. ಅವನನ್ನು ನೋಡಿ ನಾನು ಹೆಜ್ಜೆ ಚುರುಕು ಮಾಡಿದೆ.

"ಹೆಡ್ಸ್ ಅಪ್!" ಎಂದು ಅವನು ಕೂಗಿದ.

ನಾನು ತಲೆ ಎತ್ತಿದೆ. ಕಪ್ಪು ಬಿಳುಪಿನ ಹಕ್ಕಿಯೊಂದು ನೇರ ನನ್ನ ಮುಖಕ್ಕೇ ಬರುತ್ತಿತ್ತು. ಕನ್ನಡಕ ಹಾರಿಬಿತ್ತು. ಕೆನ್ನೆ ಚುರ್ ಎಂದಿತು. ಅವನು ಓಡಿಬಂದು ತನ್ನ ಟೋಪಿಯನ್ನು ನನ್ನ ತಲೆಯ ಮೇಲೆ ಹಿಡಿದು ಮರ ದಾಟಿಸಿದ. ಕಣ್ಣಿನ ಕೆಳಗೆ ರಕ್ತ ಜಿನುಗುತ್ತಿತ್ತು.

"ಶುಕ್ರವಾರವೇ ಹೇಳಿದ್ದೆನಲ್ಲ!" ಎಂದ, ಏದುಸಿರು ಬಿಡುತ್ತಾ.

"ನೀವು ಹಕ್ಕಿ ಅಂತ ಹೇಳಲಿಲ್ಲ" ಎಂದೆ.

ವಸಂತ ಬಂದರೆ ಮ್ಯಾಗ್‌ಪೈ ಹಕ್ಕಿ ಮರಿಗಳನ್ನು ಕಾಯಲು ದಾರಿಹೋಕರ ಮೇಲೆ ಎರಗುವುದು ಇಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿರುತ್ತದೆಂದುಕೊಂಡಿದ್ದನಂತೆ. ಸಾರಿ ಎಂದು ಮೂರ್ನಾಲ್ಕು ಸಲ ಹೇಳಿದ. ನಾನು ಕಾರಿನ ವಿಷಯ ಕೇಳಿದೆ. ಯಾವ ಕಾರು ಎಂದ.

ಬಸ್ಸು ಹೋಗಿತ್ತು. ಇಂಟರ್ವ್ಯೂ ಮುಂದೂಡಲು ಫೋನ್ ಮಾಡಿ, ಆಮೇಲೆ ಗಂಡನಿಗೂ ಮಾಡಿದೆ.

"ಕೊನೆಗೂ ಏನಂತೆ?"

"ಹಕ್ಕಿಯಂತೆ."

ಅವರು ನಕ್ಕರು. ನನಗೆ ಸಿಟ್ಟು ಬಂತು. "ಒಂದೇ ಒಂದು ಮಾತು, ಹಕ್ಕಿ ಇದೆ ಅಂದಿದ್ರೆ ಆಗ್ತಿತ್ತಲ್ವಾ? ಎರಡು ದಿನ ಅನ್ನ ಸೇರಿಲ್ಲ ನಂಗೆ!" ಎಂದು ರಸ್ತೆಯಲ್ಲೇ ಜೋರಾಗಿ ಕೂಗಿದೆ.

ಗಾಯ ವಾರದಲ್ಲಿ ಒಣಗಿತು. ಮರಿಗಳು ಹಾರಿಹೋಗುವವರೆಗೂ ನಾನು ಸುತ್ತಿನ ದಾರಿ ಹಿಡಿದೆ. ಹೊಸ ಬಡಾವಣೆ, ಆ ರಸ್ತೆಯಲ್ಲಿ ಒಂದೂ ಮರವಿರಲಿಲ್ಲ. ಆದರೂ ಹ್ಯಾಂಡ್‌ಬ್ಯಾಗನ್ನು ತಲೆಯ ಮೇಲೆ ಹಿಡಿದು, ಪ್ರತಿ ಲೈಟ್ ಕಂಬದ ತುದಿಯನ್ನೂ ನೋಡಿಕೊಳ್ಳುತ್ತಾ ನಡೆಯುತ್ತಿದ್ದೆ.