ಒಂಟಿಗಾಲಲ್ಲಿ ಮೂರು ವಾರ

ಕಾಲು ಮತ್ತೆ ಅದೇ ಕಡೆ ಉಳುಕಬಹುದಿತ್ತು. ಕಂಬ ಸುತ್ತುವಾಗ ಜಾರಿ ಹಲ್ಲು ಮುರಿಯಬಹುದಿತ್ತು. ಮಳೆ ಬಂದು ಮೈದಾನ ಕೆಸರಾಗಬಹುದಿತ್ತು. ಖಾನಾಪುರದಿಂದ ಬೆಳಗಾವಿಗೆ ಹೊರಟ ರೈಲು ದೇಸೂರಿನಲ್ಲೇ ಕೆಟ್ಟು ನಿಲ್ಲಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ತನ್ನ ಮಾತು ನಡೆಸಿಬಿಡಬಹುದಿತ್ತು: “ಇನ್ನೊಮ್ಮೆ ಕುಂಟಿಕೋತ ಮನಿಗೆ ಬಂದ್ರ ನಿನ್ನ ಖೋ ಖೋ ಬಂದ್.”

ಹತ್ತನೆಯ ಇಯತ್ತೆಯಲ್ಲೇ ನನ್ನ ಚಿಂತೆಗಳ ಪಟ್ಟಿ ಇಷ್ಟುದ್ದ ಇತ್ತು. ಈಗ ಅರವತ್ತರ ಹತ್ತಿರ ಬಂದಿದ್ದೇನೆ. ಪಟ್ಟಿ ಬೆಳೆದಿದೆ, ಓಟ ಮಾತ್ರ ನಿಂತಿದೆ.

ಎಂಬತ್ತರ ದಶಕದ ಆರಂಭ. ತಾಲೂಕಿನಲ್ಲಿ ಗೆದ್ದ ನಮ್ಮ ಶಾಲೆಯ ಹುಡುಗಿಯರ ತಂಡ ಬೆಳಗಾವಿಗೆ ಆಡಲು ಹೋಗುವುದಿತ್ತು. ಇನ್ನು ಐದು ವಾರವಿದೆ ಎನ್ನುವಾಗ ಅಭ್ಯಾಸದಲ್ಲಿ ಗಕ್ಕನೆ ತಿರುಗಿದೆ, ಬಲಪಾದ ಒಳಗೆ ಮಡಚಿಕೊಂಡಿತು. ಹೊರಬದಿಯ ಕೀಲು ಬದನೆಕಾಯಿಯಷ್ಟು ಬಾತಿತು. ಅವ್ವ ಬಿಸಿ ಎಣ್ಣೆ ಹಿಡಿದು ಉಳುಕು ತಿಕ್ಕಲು ಕೂತಳು. ನಮ್ಮ ಕಡೆ ಉಳುಕಿಗೆ ಬೇರೆ ದಾರಿಯೇ ಇರಲಿಲ್ಲ. ಉಳುಕಿದವರು ಚೀರಿದಷ್ಟೂ ತಿಕ್ಕಿದವರಿಗೆ ಹೆಸರು. ಅಷ್ಟರಲ್ಲಿ ಶಾಲೆಯಲ್ಲಿ ನಮಗೆ ಆಟ ಕಲಿಸುವ ಅಕ್ಕೋರು ಬಂದರು.

“ತಿಕ್ಕಬ್ಯಾಡ್ರಿ. ಒಳಗ ನಾರು ಹರದಾವ, ತಿಕ್ಕಿದ್ರ ಬಾವು ಮತ್ತ ಏರತೈತಿ. ತಣ್ಣೀರಾಗ ಅದ್ದಿದ ಅರಬಿ ಸುತ್ರಿ, ಕಾಲು ಎತ್ತರಕ ಇಡ್ರಿ.”

“ತಣ್ಣೀರಿಗೆ ನೆಗಡಿ ಆಗೂದಿಲ್ಲೇನ್ರಿ ಅಕ್ಕೋರ?”

“ಕಾಲಿಗೆ ಮೂಗು ಇಲ್ಲಲ್ರಿ.”

ಅವ್ವ ಎಣ್ಣೆಯ ಬಟ್ಟಲು ಬದಿಗಿಟ್ಟಳು. ನನ್ನ ಕಾಲು ಜೋಳದ ಚೀಲದ ಮೇಲೇರಿತು.

ವಾರದ ಮೇಲೆ ಬಾವು ಇಳಿದಾಗ ಅಕ್ಕೋರು ಹೊಸ ಕೆಲಸ ಹಚ್ಚಿದರು. ಹಲ್ಲು ತಿಕ್ಕುವಾಗಲೆಲ್ಲ ಉಳುಕಿದ ಕಾಲಿನ ಮೇಲಷ್ಟೇ ನಿಲ್ಲಬೇಕು. ಮೈ ವಾಲಿದಾಗ ತಡೆದುಕೊಳ್ಳುವುದನ್ನು ಪಾದ ಮರೆತಿರುತ್ತದೆ, ಅದಕ್ಕೆ ಮತ್ತೆ ಕಲಿಸಬೇಕು ಎಂದರು. ಬೀಳುತ್ತೇನೆಂದು ನಾನು ಇನ್ನೊಂದು ಕಾಲು ಎತ್ತಲೇ ಇಲ್ಲ. ಎರಡು ದಿನ ನೋಡಿದ ಅವ್ವ ಸೀರೆ ಎತ್ತಿ ಸಿಕ್ಕಿಸಿ ನನ್ನ ಬಾಜು ಒಂಟಿಗಾಲಲ್ಲಿ ನಿಂತಳು.

“ಬಿದ್ರ ಇಬ್ಬರೂ ಬೀಳೂಣು. ನಿಲ್ಲು.”

ನೆರೆಮನೆಯ ಕಾಕು ಕಟ್ಟೆಯಿಂದಲೇ, “ಕೊಕ್ಕರಿ ಆಗೀರಲ್ರಿ ವೈನಿ, ಮೀನ ಸಿಕ್ಕೂವೇನ್ರಿ?” ಎಂದಳು. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಅವ್ವ ನಕ್ಕಳು, ಕಾಲು ಇಳಿಸಲಿಲ್ಲ. ಮೂರು ವಾರ ದಿನವೂ ನಿಂತಳು. ಆಮೇಲಿನ ಬದುಕಿನಲ್ಲಿ ನಾನು ಬಿದ್ದದ್ದು ಕಡಿಮೆ. ಅದು ಅವ್ವ, ಅಕ್ಕೋರು ಇಬ್ಬರೂ ಕೊಟ್ಟದ್ದು.

ಬೆಳಗಾವಿಗೆ ಅವ್ವನೂ ಬಂದಳು. ಅವಳು ನನ್ನ ಆಟ ನೋಡಿದ್ದು ಅದೇ ಮೊದಲು. ರೈಲು ದೇಸೂರು ದಾಟಿತು, ಮಳೆ ಬರಲಿಲ್ಲ. ಪಾದಕ್ಕೆ ಬಿಗಿ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದೆ. ಗಕ್ಕನೆ ತಿರುಗಿದೆ, ಪಾದ ತಡೆದುಕೊಂಡಿತು. ಗೆದ್ದೆವು.

ನಾನು ಓಡಿದಷ್ಟು ಹೊತ್ತೂ ಗೆರೆಯಾಚೆ ಅವ್ವ, ತನಗೇ ಗೊತ್ತಿಲ್ಲದೆ, ಒಂಟಿಗಾಲಲ್ಲಿ ನಿಂತಿದ್ದಳಂತೆ. ಮರಳುವ ರೈಲಿನಲ್ಲಿ ಅವಳ ಮೀನಖಂಡ ಹಿಡಿದು ಕಲ್ಲಾಯಿತು. ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕೋರು ಹೇಳಿದಂತೆ ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಮೆಲ್ಲಗೆ ಒತ್ತಿ ಹಿಡಿದು ಕೂತೆ. ಬಿಗಿ ಸಡಿಲಿತು, ನೋವು ಉಳಿಯಿತು.

ಖಾನಾಪುರ ನಿಲ್ದಾಣದಲ್ಲಿ ಅಪ್ಪ ನನ್ನ ಕಾಲನ್ನೇ ನೋಡುತ್ತ ನಿಂತಿದ್ದ. ನಾನು ನೆಟ್ಟಗೆ ನಡೆದೆ. ಹಿಂದೆ ಅವ್ವ ಕುಂಟುತ್ತ ಬಂದಳು.

“ಈಗ ಖೋ ಖೋ ಯಾರದು ಬಂದ್ ಮಾಡ್ಲಿ?” ಎಂದ ಅಪ್ಪ.

ಅವ್ವ ಕಂಬ ಹಿಡಿದು ಸುಧಾರಿಸಿಕೊಂಡಳು.

“ನಂದು ಮಾಡ್ರಿ. ಆಕಿ ಆಡ್ಲಿ.”